ಗೋಡೆಯಿಲ್ಲದ ಬಂಗಲೆಯ ಬೀಗ

ಭದ್ರಾವತಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಜೀವಮಾನವಿಡೀ ಕಾವಲು ನಿಂತು ರಿಟೈರಾದ ಹಿರಿಯರೊಬ್ಬರಿದ್ದರು. ಆಮೇಲೆ ಕಾಡಿನೊಳಗಿನ ಹಳೇ ಬೇಟೆ ಬಂಗಲೆಗೆ ವಾಚ್‌ಮನ್ ಆದರು. ಶಿವಮೊಗ್ಗದಿಂದ ನಾವು ಐದು ಜನ ಗೆಳೆಯರು ಭಾನುವಾರ ಕಾಡಂಚಿನವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಬಂಗಲೆಗೆ ನಡೆದು ಹೋಗುತ್ತಿದ್ದೆವು. ದಾರಿ ಸಲೀಸು, ಹವಾಯಿ ಚಪ್ಪಲಿಯಲ್ಲೇ ಅರ್ಧ ಗಂಟೆ. ಕಷ್ಟವೆಲ್ಲ ಬಂಗಲೆಯ ಒಳಗೆ ಹೋಗುವುದರಲ್ಲಿತ್ತು.

ಯಾಕೆಂದರೆ ಬಂಗಲೆಗೆ ಗೋಡೆಗಳೇ ಇರಲಿಲ್ಲ. ಅವು ಯಾವ ಕಾಲದಲ್ಲೋ ಬಿದ್ದುಹೋಗಿ, ಕಲ್ಲಿನ ಚೌಕಟ್ಟಿನಲ್ಲಿ ತೇಗದ ಬಾಗಿಲೊಂದೇ ನಿಂತಿತ್ತು. ಅದಕ್ಕೆ ಅವರು ಬೀಗ ಹಾಕುತ್ತಿದ್ದರು. ಯಾರಾದರೂ ಪಕ್ಕದಿಂದ ಕಾಲಿಟ್ಟರೆ ಅಂಗೈ ಎತ್ತಿ ತಡೆದು, "ಬಾಗಿಲಿಂದ ಬನ್ನಿ ಮಾರಾಯ್ರೆ, ಬಾಗಿಲು ಇರೋದ್ಯಾಕೆ?" ಅನ್ನುತ್ತಿದ್ದರು. ವಾಪಸ್ ಹೊರಡುವಾಗ ನಮ್ಮ ಚೀಲಗಳನ್ನು ತಟ್ಟಿ ನೋಡಿಯೇ ಬಿಡುತ್ತಿದ್ದರು.

ಒಂದು ಭಾನುವಾರ ಬೀಗದಕೈ ಮನೆಯಲ್ಲೇ ಮರೆತು ಬಂದಿದ್ದರು. "ಕೂತಿರಿ, ತರ್ತೀನಿ" ಎಂದು ಹೊರಟೇಬಿಟ್ಟರು. ನಾವು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಉರಿಬಿಸಿಲಲ್ಲಿ ಕೂತೆವು. ನಾಲ್ಕೇ ಹೆಜ್ಜೆ ದೂರದಲ್ಲಿ, ಬಂಗಲೆಯ ಒಳಗೆ, ಹಲಸಿನ ಮರದ ನೆರಳಿತ್ತು. ಯಾರೂ ಹೋಗಲಿಲ್ಲ. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಕಾಡುಕೋಣವೊಂದು ಬಂದು ಆ ನೆರಳಲ್ಲಿ ಮಲಗಿತು. ನಾವು ಉಸಿರು ಬಿಗಿಹಿಡಿದು ಬಾಗಿಲಿಗೆ ಅಂಟಿಕೊಂಡೆವು.

ಅವರು ಬಂದರು. ಬೀಗ ಎಳೆದು ನೋಡಿದರು, ಹಾಕಿದ ಹಾಗೇ ಇತ್ತು. ಕೋಣವನ್ನು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು.

"ಇದನ್ನ ಒಳಗೆ ಬಿಟ್ಟಿದ್ದು ಯಾರು?"

"ನಾವಲ್ಲ ಸಾರ್" ಎಂದು ಐದೂ ಜನ ಒಟ್ಟಿಗೆ ಪಿಸುಗುಟ್ಟಿದೆವು.