ಶೆಟ್ಟರ ಅಂಗಡಿಗೆ ಬೋಣಿ ಆಗಲಿಲ್ಲ

ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಫೋನಿನಲ್ಲಿ ಇಷ್ಟುದ್ದ ಟೈಪ್ ಮಾಡಲು ನನಗೆ ಬರುವುದಿಲ್ಲ. ಹಾಳೆಯಲ್ಲಿ ಬರೆದು ಈ ಗ್ರೂಪಿಗೆ ಫೋಟೋ ಹಾಕುತ್ತಿದ್ದೇನೆ.

ನಾನು ಕಥೆ ಹೇಳಿಕೊಡುವ ಮಕ್ಕಳಲ್ಲಿ ಒಬ್ಬಳಾದ ಚಿನ್ಮಯಿ ಇನ್ನು ಮೇಲೆ ತನ್ನ ಕಥೆ ಬರೆಯುವುದಿಲ್ಲ ಅನಿಸುತ್ತದೆ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು.

ನಾನು ಚಾಮರಾಜಪೇಟೆಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಓದಿದ್ದು ಐದನೇ ಕ್ಲಾಸು. ಪ್ರೆಸ್ಸಿನಿಂದ ಬರುವ ದೊಡ್ಡ ಹಾಳೆಗಳಲ್ಲಿ ಪುಟಗಳು ಹಿಂದುಮುಂದಾಗಿರುತ್ತವೆ. ಮಡಿಸುತ್ತಾ ಒಂದು ಪುಟ ಓದಿದರೆ ಮುಂದಿನದು ಎಲ್ಲೋ ಇರುತ್ತದೆ... ನಡುವಿನದನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಾ ನನಗೂ ಕಥೆ ಬರೆಯುವ ಹುಚ್ಚು ಹತ್ತಿತು.

ಅದು ಗೊತ್ತಾಗಿ ನಮ್ಮ ಬೀದಿಯ ರಿಟೈರ್ಡ್ ಟೀಚರ್ ಲಲಿತಮ್ಮನವರು, ಭಾನುವಾರ ತಮ್ಮ ಮನೆಗೆ ಬರುವ ಮಕ್ಕಳಿಗೆ ಕಥೆ ಬರೆಯುವುದನ್ನು ಹೇಳಿಕೊಡು ಎಂದರು. ದೊಡ್ಡವರ ಮುಂದೆ ನನಗೆ ಮಾತೇ ಹೊರಡುವುದಿಲ್ಲ. ಮಕ್ಕಳಲ್ಲವೇ ಎಂದು ಒಪ್ಪಿಕೊಂಡೆ.

ಎಲ್ಲರ ಕಥೆಯ ಕೊನೆಗೂ 'ನೀತಿ' ಅಂತ ಒಂದು ಸಾಲು ಇರುತ್ತಿತ್ತು. ಸ್ಕೂಲಿನಲ್ಲಿ ಅದಕ್ಕೇ ಮಾರ್ಕ್ಸ್ ಅಂತೆ. ನೀತಿ ಬೇಡ, ನೋಡಿದ್ದನ್ನು ಬರೆಯಿರಿ ಎಂದೆ.

"ನೀತಿ ಇಲ್ದೇ ಇದ್ರೆ ಕಥೆ ಮುಗೀತು ಅಂತ ಹೆಂಗ್ ಗೊತ್ತಾಗತ್ತೆ ಅಕ್ಕಾ?" ಎಂದ ಒಬ್ಬ. ಎಲ್ಲರೂ ನಕ್ಕರು, ನಾನೂ ನಕ್ಕೆ.

ದಸರೆಗೆ ಲಲಿತಮ್ಮನವರು ನಡುಮನೆಯಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಿದರು. ಒಬ್ಬೊಬ್ಬರೂ ಒಂದೊಂದು ಗೊಂಬೆ ಆರಿಸಿಕೊಂಡು ಕಥೆ ಬರೆಯಿರಿ ಎಂದೆ. ರಾಜ-ರಾಣಿ ಗೊಂಬೆಗಾಗಿ ಮಕ್ಕಳಲ್ಲಿ ಜಗಳವೇ ಆಯಿತು.

ಚಿನ್ಮಯಿ ಕೆಳಗಿನ ಸಾಲಿನ ಶೆಟ್ಟರನ್ನು ಆರಿಸಿಕೊಂಡಳು. ನಿಮಗೆಲ್ಲ ಗೊತ್ತಲ್ಲ, ಡೊಳ್ಳು ಹೊಟ್ಟೆಯ ಶೆಟ್ಟರು, ಪಕ್ಕದಲ್ಲಿ ಶೆಟ್ಟಮ್ಮ, ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ.

ಚಿನ್ಮಯಿ ಒಂಬತ್ತು ವರ್ಷದ ಹುಡುಗಿ. ನಗರ್ತಪೇಟೆಯಲ್ಲಿ ಅವಳ ಅಪ್ಪನದು ಲೇಸು, ಗುಂಡಿ, ಜರಿ ಅಂಚಿನ ಅಂಗಡಿ. ಅವರ ತಾತನ ಕಾಲದ್ದು.

ಗೊಂಬೆ ನೋಡಲು ಹೆಂಗಸರು ಬಂದಿದ್ದ ಸಂಜೆ, ಮಕ್ಕಳು ಕಥೆ ಓದಲಿ ಎಂದರು ಲಲಿತಮ್ಮ. ಅರಿಶಿನ ಕುಂಕುಮಕ್ಕೆ ಬಂದಿದ್ದ ಚಿನ್ಮಯಿಯ ಅಮ್ಮ ಮಂಜುಳಾ ಅವರೂ ಮುಂದಿನ ಸಾಲಿನಲ್ಲಿ ಕೂತಿದ್ದರು.

ಚಿನ್ಮಯಿ ಓದಿದ್ದು ಹೀಗಿತ್ತು.

"ಶೆಟ್ಟರು ಹಬ್ಬ ಶುರುವಾದಾಗಿಂದ ಅಂಗಡಿ ತೆಗೆದು ಕೂತಿದ್ದಾರೆ. ಎಲ್ಲರೂ ಬರ್ತಾರೆ, ಚೆನ್ನಾಗಿದೆ ಅಂತಾರೆ, ಫೋಟೋ ತಗೊಂಡು ಹೋಗ್ತಾರೆ. ಯಾರೂ ಏನೂ ಕೊಳ್ಳಲ್ಲ. ರಾತ್ರಿ ಶೆಟ್ಟಮ್ಮ 'ಬೋಣಿ ಆಯ್ತಾ?' ಅಂತ ಕೇಳ್ತಾಳೆ. ಶೆಟ್ಟರು 'ಓ, ಬೆಳಿಗ್ಗೇನೇ ಆಯ್ತು' ಅಂತ ಸುಳ್ಳು ಹೇಳ್ತಾರೆ. ಶೆಟ್ಟಮ್ಮಂಗೆ ಗೊತ್ತು. ಗೊತ್ತಿಲ್ಲದೇ ಇರೋ ಥರಾ ಅನ್ನ ಬಡಿಸ್ತಾಳೆ."

ಅಷ್ಟೇ. ನೀತಿ ಇರಲಿಲ್ಲ.

ಇಷ್ಟು ವರ್ಷ ಬರೆದರೂ ಅಂಥದ್ದೊಂದು ಸಾಲು ನನಗೆ ಬಂದಿಲ್ಲ.

ಆಗ ಹಿಂದಿನಿಂದ ಯಾರೋ ನಕ್ಕರು. "ಏನ್ರೀ ಮಂಜುಳಾ, ನಿಮ್ಮನೆ ರಾಮಾಯಣಾನೇ ಓದ್ಬಿಟ್ಳಲ್ಲ ಮಗಳು! ನಿಮ್ಮ ಯಜಮಾನ್ರ ಅಂಗಡಿ ಅಷ್ಟು ಡಲ್ಲಾ?"

"ಮಕ್ಕಳು ಏನೋ ಬರೀತಾವೆ ಬಿಡ್ರೀ" ಎಂದು ಮಂಜುಳಾ ಅವರೂ ನಕ್ಕರು. ಕೈಯಲ್ಲಿದ್ದ ಕಡಲೆಕಾಳು ಉಸಲಿಯ ದೊನ್ನೆಯನ್ನು ಹಾಗೇ ನೆಲದ ಮೇಲಿಟ್ಟು ಎದ್ದರು.

ಗೇಟಿನ ಹತ್ತಿರ ನನ್ನನ್ನು ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ನೋಡಮ್ಮಾ, ಅವಳು ಮಗು, ಗೊತ್ತಾಗಲ್ಲ. ಅವರಪ್ಪ ದಿನಾ ಬಂದು ವ್ಯಾಪಾರ ಪರವಾಗಿಲ್ಲ ಅಂತಾರೆ. ನಾನು ಹೌದಾ ಅಂತೀನಿ. ಹಿಂಗೇ ನಡೀತಿತ್ತು ಮನೆ."

ಗೇಟಿನ ಚಿಲಕ ತೆಗೆದರು.

"ನಾಳೆ ಯಾರಾದ್ರೂ ಹೋಗಿ ಅವರಿಗೆ ಹೇಳೇ ಹೇಳ್ತಾರೆ. ಇನ್ನು ಗೊತ್ತಿಲ್ಲದೇ ಇರೋ ಥರಾ ನಾನು ಹೆಂಗಿರ್ಲಿ, ಹೇಳು?"

ಅವರು ಮಗಳ ಕೈ ಹಿಡಿದುಕೊಂಡು ಹೋದರು. ಚಿನ್ಮಯಿ ತಿರುಗಿ ನನ್ನನ್ನೇ ನೋಡುತ್ತಿದ್ದಳು, ಕಥೆ ಚೆನ್ನಾಗಿತ್ತಾ ಎಂದು ಕೇಳುವ ಹಾಗೆ. ಚೆನ್ನಾಗಿತ್ತು ಎಂದು ಹೇಳಲೂ ಆಗಲಿಲ್ಲ.

ಹಬ್ಬ ಮುಗಿದ ಮೇಲಿನ ಭಾನುವಾರ, ಅಂದರೆ ನಿನ್ನೆ, ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಅದೇ ಶೆಟ್ಟರ ಕಥೆಯನ್ನು ಬೇರೆ ಥರ ಬರೆದುಕೊಂಡು ಬಂದಿದ್ದಳು.

ಈ ಸಲ ಶೆಟ್ಟರ ಅಂಗಡಿಯ ಮುಂದೆ ಜನವೋ ಜನ. ಶೆಟ್ಟರು ತೂಕದಲ್ಲಿ ಮೋಸ ಮಾಡುತ್ತಿರಲಿಲ್ಲ, ಅದಕ್ಕೇ ಶ್ರೀಮಂತರಾದರು. ಶೆಟ್ಟಮ್ಮ ಕಥೆಯಲ್ಲಿ ಇರಲೇ ಇಲ್ಲ. ಕೊನೆಗೆ ನೀತಿ: ಪ್ರಾಮಾಣಿಕತೆಗೆ ಎಂದೂ ಸೋಲಿಲ್ಲ.

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

"ಇದು ಸರಿಯಿದ್ಯಾ ಅಕ್ಕಾ?" ಎಂದಳು, ಹಾಳೆಯಿಂದ ತಲೆ ಎತ್ತದೆ.

"ಸರಿಯಿದೆ ಪುಟ್ಟಾ" ಎಂದೆ. ಬೇರೆ ಏನು ಹೇಳಲಿ? ಮೊದಲಿನದೇ ಚೆನ್ನಾಗಿತ್ತು ಎಂದರೆ ಅವಳ ಅಮ್ಮನಿಗೆ ಮೋಸ. ಇದು ಚೆನ್ನಾಗಿದೆ ಎಂದರೆ ಅವಳಿಗೇ ಮೋಸ.

ಅವಳ ಅಪ್ಪನಿಗೆ ವಿಷಯ ತಲುಪಿತೋ ಇಲ್ಲವೋ ಗೊತ್ತಿಲ್ಲ. ಕೇಳುವ ಧೈರ್ಯವಿಲ್ಲ. ಆ ಮನೆಯಲ್ಲಿ ಈಗ ರಾತ್ರಿ ಊಟಕ್ಕೆ ಕೂತಾಗ ಏನು ಮಾತಾಡುತ್ತಾರೋ...

ನೋಡಿದ್ದನ್ನು ಬರೆಯಿರಿ ಎನ್ನುವುದೊಂದೇ ನನಗೆ ಗೊತ್ತಿದ್ದ ಪಾಠ. ಅದನ್ನು ಇನ್ನೊಂದು ಮಗುವಿಗೆ ಹೇಳಲು ಬಾಯಿ ಬರುತ್ತಿಲ್ಲ. ನೀವು ನನ್ನ ಜಾಗದಲ್ಲಿದ್ದಿದ್ದರೆ ಮುಂದಿನ ಭಾನುವಾರ ಏನು ಹೇಳಿಕೊಡುತ್ತಿದ್ದಿರಿ?

ಲಲಿತಮ್ಮನವರಿಗೆ ಮಂಡಿ ನೋವು, ಗೊಂಬೆಗಳನ್ನು ಇನ್ನೂ ಎತ್ತಿಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಹೋಗಿ, ಒಂದೊಂದನ್ನೇ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟೆ. ಶೆಟ್ಟರು ಕೊನೆಗೆ ಉಳಿದರು.

ಅವರ ಮುಂದೆ ಒಂದು ರೂಪಾಯಿ ಇಟ್ಟು, ಪುಟ್ಟ ಬಟ್ಟಲಿನ ಹೆಸರುಬೇಳೆ ಕೊಂಡು, ದುಪಟ್ಟಾದ ತುದಿಗೆ ಗಂಟು ಕಟ್ಟಿಕೊಂಡು ಬಂದೆ.