ಪ್ರತಿ ಐದನೆಯ ಪದ

ನನ್ನ ಹೆಂಡತಿ ಘಾಟ್ಕೋಪರಿನ ಒಂದು ಸೊಸೈಟಿ ಹಾಲಿನಲ್ಲಿ ಪ್ರತಿ ಭಾನುವಾರ ಕನ್ನಡ ಕಲಿಸುತ್ತಾಳೆ. ಒಬ್ಬೊಬ್ಬ ವಿದ್ಯಾರ್ಥಿಗೂ ಬೇರೆ ಬೇರೆ ‘ಬಿಟ್ಟ ಸ್ಥಳ ತುಂಬಿ’ ಹಾಳೆಯನ್ನು ಶನಿವಾರವಿಡೀ ಕೂತು ಕೈಯಲ್ಲೇ ಬರೆಯುತ್ತಿದ್ದಳು. ಕಂಪ್ಯೂಟರಿನ ಮುಂದೆ ಅರ್ಧ ಆಯುಷ್ಯ ಸವೆಸಿದ ನನಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ನಮ್ಮ ಮೈಸೂರಿನವರಿಗೆ ಕೇಳದಿದ್ದರೂ ಬೇರೆಯವರ ಕೆಲಸ ಸುಲಭ ಮಾಡಿಕೊಡುವ ಚಟ ಸ್ವಲ್ಪ ಹೆಚ್ಚು.

ಒಂದು ಶನಿವಾರ ಅವಳ ಪಾಠಗಳನ್ನೆಲ್ಲ ಒಂದು ಫೈಲಿಗೆ ಸುರಿದು, ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಒಂದೇ ಸಾಲಿನ ಕಮಾಂಡ್ ಬರೆದೆ. ಪ್ರತಿ ಐದನೆಯ ಪದ ಕಿತ್ತುಹಾಕು, ಅಲ್ಲಿ ಗೆರೆ ಎಳೆ, ಕಿತ್ತ ಪದವನ್ನು ಉತ್ತರಪಟ್ಟಿಗೆ ಸೇರಿಸು. ಚಹಾ ಆರುವುದರೊಳಗೆ ಇಡೀ ವರ್ಷದ ಹಾಳೆಗಳು ತಯಾರು! ಅವಳು ಒಂದನ್ನು ಓದಿ, “ಮೊದಲು ನೀವೇ ತುಂಬಿ, ನೋಡೋಣ” ಎಂದಳು. ನನಗೆ ಪುರಸೊತ್ತಿರಲಿಲ್ಲ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಕಳಿಸುವ ಉತ್ತರಗಳನ್ನು ಪಟ್ಟಿಗೆ ಹೋಲಿಸಿ, ಅಂಕ ಹಾಕಿ, ತರಗತಿಯ ವಾಟ್ಸಾಪ್ ಗ್ರೂಪಿಗೆ ಕಳಿಸಲು ಇನ್ನೊಂದು ಕಮಾಂಡ್ ಬರೆಯಬೇಕಿತ್ತು.

ತರಗತಿಯಲ್ಲಿ ಒಬ್ಬ ಮರಾಠಿ ಹೆಣ್ಣುಮಗಳಿದ್ದಳು. ಸಾಂತಾಕ್ರೂಜಿನಲ್ಲಿ ಹೋಟೆಲಿಟ್ಟ ಕುಂದಾಪುರದವರ ಮನೆಯ ಹೊಸ ಸೊಸೆ. ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರದು. ಗಂಡ ಹೋಟೆಲಿಗೆ ಹೊರಟನೆಂದರೆ ಮನೆಯಲ್ಲಿ ಹಗಲಿಡೀ ಕೈಸನ್ನೆ. ಅತ್ತೆಯೊಡನೆ ನಾಲ್ಕು ಮಾತಾಡಬೇಕೆಂಬ ಒಂದೇ ಆಸೆಯಿಂದ ಅಂಧೇರಿವರೆಗೆ ಲೋಕಲ್, ಅಲ್ಲಿಂದ ಮೆಟ್ರೋ ಹಿಡಿದು ಬರುತ್ತಿದ್ದಳು.

‘ಅತ್ತೆ ಬೆಳಿಗ್ಗೆ ಮಾರ್ಕೆಟಿಗೆ ಹೋಗಿ ____ ತಂದರು’ ಎಂಬಲ್ಲಿ ಅವಳು ‘ಬಂಗುಡೆ’ ಎಂದು ಮೀನಿನ ಹೆಸರು ತುಂಬಿದ್ದಳು. ಪಟ್ಟಿಯಲ್ಲಿದ್ದದ್ದು ‘ತರಕಾರಿ’. ಕಂಪ್ಯೂಟರ್ ಮುಲಾಜಿಲ್ಲದೆ ತಪ್ಪು ಹಾಕಿತು. ಹೀಗೆ ಒಟ್ಟು ಇಪ್ಪತ್ತಕ್ಕೆ ಎರಡು ಅಂಕ. ಅಂಕದ ಪ್ರಕಾರ ಜೋಡಿಸುವ ಅತಿಬುದ್ಧಿಯನ್ನೂ ನಾನೇ ಓಡಿಸಿದ್ದರಿಂದ ಗ್ರೂಪಿನಲ್ಲಿ ಅವಳ ಹೆಸರು ಎಲ್ಲರಿಗಿಂತ ಕೆಳಗೆ ಬಂತು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

“ಬಂಗುಡೆ ಅನ್ನೋದು ಅವರ ಮನೇಲಿ ದಿನಾ ಕಿವಿಗೆ ಬೀಳೋ ಮಾತು ಕಣ್ರೀ,” ಎಂದಳು ಹೆಂಡತಿ. “ಯಾರಿಗೆ ಯಾವ ಮಾತು ಬಾಯಿಗೆ ಬರುತ್ತೋ ಅದನ್ನೇ ಹುಡುಕಿ ನಾನು ಜಾಗ ಬಿಡ್ತಿದ್ದೆ. ನಿಮಗೆ ಐದರ ಮಗ್ಗಿ ಸಾಕಾಯ್ತು.”

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆದರೂ ಹುಟ್ಟುಗುಣ ನೋಡಿ, ಮೊದಲು ಕಮಾಂಡಿನಲ್ಲಿ ಐದನ್ನು ಏಳು ಮಾಡಿ ನೋಡಿದೆ. ಆಮೇಲೆ ಆ ಹೆಣ್ಣುಮಗಳಿಗೆ ಫೋನು ಮಾಡಿದೆ. ಅವಳು ಎತ್ತಲಿಲ್ಲ, ಅತ್ತೆ ಎತ್ತಿದರು. ಸೊಸೆಯನ್ನು ಮತ್ತೆ ಕಳಿಸಿ, ತಪ್ಪು ನನ್ನದೇ ಎಂದೆ.

“ಬ್ಯಾಡ ಸರ್,” ಎಂದರು ಅವರು. “ನಿಮ್ಮ ಪರೀಕ್ಷಿ ಆಪುಕ್ ಮುಂಚೆ ನಮ್ಮ ಹೆಣ್ಣ್ ತಪ್ಪೋ ಒಪ್ಪೋ ನನ್ನತ್ರ ಎಂತಾರೂ ಮಾತಾಡ್ತಿತ್ತ್. ಈಗ ಬಾಯೇ ಬಿಡುದಿಲ್ಲ.”