ಅಪ್ಪನ ಎದೆಮಟ್ಟ

ನಮ್ಮ ಅಕ್ಕನಿಗೆ ಬೇಸಿಗೆಯಲ್ಲಿ ಬರ, ಮಳೆಗಾಲದಲ್ಲಿ ನೆರೆ. ಊರಿಗೆ ತೊಂದರೆ ಬಂದಾಗಲೆಲ್ಲ ಅವಳಿಗೆ ಕೈತುಂಬ ಕೆಲಸ. ನೀರಿನ ಸಂಶೋಧಕಿ ಎಂದರೆ ಬಿಳಿ ಕೋಟು, ಗಾಜಿನ ಕೊಳವೆ ಅಂತೆಲ್ಲ ನಾನು ಅಂದುಕೊಂಡಿದ್ದೆ. ಅವಳ ಚೀಲದಲ್ಲಿರುವುದು ಒಂದು ಉಕ್ಕಿನ ಟೇಪು, ಒಂದು ನೋಟ್‌ಬುಕ್ಕು, ನಾಲ್ಕು ಬಿಸ್ಕತ್ತು. ನಾನು ದರ್ಜಿ. ಟೇಪಿನ ಮಟ್ಟಿಗೆ ಇಬ್ಬರದೂ ಒಂದೇ ಕಸುಬು ಎಂದು ರೇಗಿಸುತ್ತಿರುತ್ತೇನೆ.

ಈ ವರ್ಷ ಅವಳು ಹಿಡಿದದ್ದು ನಮ್ಮ ಬೀದಿಯನ್ನೇ. ಬೀದಿಯ ತುದಿಯಲ್ಲಿ ಹೊಸ ಆಸ್ಪತ್ರೆ ಬರಲಿದೆ. ಅದರ ನೆಲ ಎಷ್ಟು ಎತ್ತರವಿರಬೇಕೆಂದು ಅವಳು ಹೇಳಬೇಕು. ಮೊದಲು ದಿನವಿಡೀ ಬೀಳುತ್ತಿದ್ದಷ್ಟು ಮಳೆ ಈಗ ಎರಡು ಗಂಟೆಯಲ್ಲಿ ಸುರಿದುಬಿಡುತ್ತದೆಯಂತೆ. ಆದರೂ ಲೆಕ್ಕ ಶುರುವಾಗುವುದು ಹಳೆಯ ನೀರಿನಿಂದಲೇ. ಮೂವತ್ತೆಂಟು ವರ್ಷದ ಹಿಂದೆ ಇಲ್ಲೊಂದು ದೊಡ್ಡ ನೆರೆ ಬಂದಿತ್ತು. "ಆಗ ನೀರು ಎಲ್ಲಿ ತನಕ ಬಂದಿತ್ತು?" ಎಂದು ಅಕ್ಕ ಮನೆಮನೆಗೆ ಹೋಗಿ ಕೇಳಿದಳು. ಅಂಚೆ ಕಚೇರಿಯವರು ಹಳೇ ಗೋಡೆಯ ಕಲೆ ತೋರಿಸಿದರು. ಪ್ರೆಸ್ಸಿನ ಯಜಮಾನರು ಬಾಗಿಲ ಚೌಕಟ್ಟು ತೋರಿಸಿದರು. ಅಪ್ಪ ತಮ್ಮ ಎದೆ ತೋರಿಸಿದರು.

ಅಪ್ಪನ ಕಥೆ ಬೀದಿಗೆಲ್ಲ ಬಾಯಿಪಾಠ. ಮನೆ ಮುಂದಿನ ರಸ್ತೆಯಲ್ಲಿ ಎದೆಮಟ್ಟ ನೀರು, ಹೆಗಲ ಮೇಲೆ ಮೂರು ತಿಂಗಳ ಬಸುರಿ ಹೆಂಡತಿ. ಹೊಟ್ಟೆಯಲ್ಲಿದ್ದವಳು ಅಕ್ಕ. ಹೇಳಿದಾಗಲೆಲ್ಲ ನೀರು ಒಂದಿಂಚು ಏರುತ್ತದೆ ಎಂದು ನಾವೆಲ್ಲ ನಗುತ್ತಿದ್ದೆವು.

ಅಕ್ಕ ನಕ್ಷೆ ಬರೆದಳು. ಉಳಿದವರ ಗುರುತುಗಳೆಲ್ಲ ರಸ್ತೆಯಿಂದ ಒಂದೂವರೆ ಅಡಿ ಮೇಲೆ ಸಾಲಾಗಿ ಕೂತವು. ಅಪ್ಪನದೊಂದೇ ನಾಲ್ಕು ಅಡಿಗೆ ಹೋಗಿ ನಿಂತಿತು. ಗುರುವಾರ ಸಂಜೆ ಅವಳು ಬಾಯಿಬಿಟ್ಟಳು.

"ಅಪ್ಪಾ, ನಿಮ್ಮ ಗುರುತು ಹೊಂದ್ತಾ ಇಲ್ಲ. ಹೊಡೆದು ಹಾಕಿದೀನಿ."

"ಅಂದ್ರೆ ನಾನು ಸುಳ್ಳ ಅಂತಾನಾ? ನಾನು ನಿಮ್ಮಪ್ಪ ಕಣೇ!"

"ಅದು ನೀರಿಗೆ ಗೊತ್ತಿರಲ್ವಲ್ಲ ಅಪ್ಪ."

ಶನಿವಾರ ನಗರಸಭೆಯಲ್ಲಿ ಅಕ್ಕ ಊರವರ ಮುಂದೆ ಯಾವ ಗುರುತು ಸರಿ, ಯಾವುದು ತಪ್ಪು ಎಂದು ಓದಿ ಹೇಳಬೇಕಿತ್ತು. ಅದಕ್ಕೆಂದೇ ಅಪ್ಪ ನನ್ನಿಂದ ಹೊಸ ಶರ್ಟು ಹೊಲಿಸಿಕೊಂಡಿದ್ದರು. ಎದ್ದು ಹೋಗಿ ಅದನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದರು. ಇಷ್ಟು ವರ್ಷ ನಕ್ಕಿದ್ದಕ್ಕೆ ನನಗೆ ನಿಜಕ್ಕೂ ನಾಚಿಕೆಯಾಯಿತು. ಅಕ್ಕನ ಮುಖವೂ ಸಪ್ಪಗಿತ್ತು. ಆದರೆ ಹೊಡೆದ ಗೆರೆಯನ್ನು ಅವಳು ಅಳಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಮ್ಮ ತರಕಾರಿ ತಂದು ಹೊಸ್ತಿಲ ಬಳಿ ಮುಗ್ಗರಿಸಿದಳು. ದಿನವೂ ಬೈಯುವುದನ್ನೇ ಬೈದಳು:

"ಹಾಳು ರಸ್ತೆ! ಮದುವೆಯಾಗಿ ಬಂದಾಗ ಮೂರು ಮೆಟ್ಟಿಲು ಹತ್ತಿ ಒಳಗೆ ಬರ್ತಿದ್ದೆ. ಈಗ ಒಂದು ಇಳಿದು ಬರಬೇಕು."

ನಾವ್ಯಾರೂ ಅದನ್ನು ಎಂದೂ ಕಿವಿಗೆ ಹಾಕಿಕೊಂಡವರಲ್ಲ. ಅಕ್ಕ ಮಾತ್ರ ಕಾಫಿ ಲೋಟ ಕೆಳಗಿಟ್ಟಳು.

"ತಮ್ಮಾ, ಹಾರೆ ತಗೊಂಡು ಬಾ."

ಬಾಗಿಲ ಹೊರಗೆ ಅಗೆದೆವು. ಒಂದರ ಕೆಳಗೊಂದು ಮೂರು ಕಲ್ಲಿನ ಮೆಟ್ಟಿಲು, ಅದರ ಬುಡದಲ್ಲಿ ಹಳೇ ರಸ್ತೆ. ಹಳೆಯದನ್ನು ಕೀಳದೆ ಅದರ ಮೇಲೆಯೇ ಮಣ್ಣು, ಜಲ್ಲಿ, ಡಾಂಬರು ಸುರಿದು ಸುರಿದು ರಸ್ತೆ ಮೇಲೆದ್ದಿತ್ತು. ಗೋಡೆಯ ಕಲೆಗಳು ಇದ್ದಲ್ಲೇ ಇದ್ದವು. ಅಪ್ಪ ಅಂದು ನಿಂತದ್ದು ಕೆಳಗಿನ ರಸ್ತೆಯಲ್ಲಿ, ಅಕ್ಕ ಅವರ ಎದೆ ಅಳೆದದ್ದು ಇಂದಿನ ರಸ್ತೆಯಿಂದ. ಹೊಳೆಯ ತಳದಲ್ಲಿ ಹೂಳು ಎಷ್ಟು ಏರಿದೆ ಎಂದು ಲೆಕ್ಕವಿಡುವವಳು ಮನೆ ಮುಂದಿನ ಡಾಂಬರನ್ನು ಮರೆತಿದ್ದಳು! ಟೇಪು ಇಳಿಬಿಟ್ಟಳು. ಎರಡೂವರೆ ಅಡಿ. ಕಳೆದರೆ ಅಪ್ಪನ ಗುರುತು ಸಾಲಿಗೆ ಬಂದು ಕೂತಿತು, ಎರಡು ಬೆರಳಿನ ವ್ಯತ್ಯಾಸ ಅಷ್ಟೆ.

"ಅದು ಚಪ್ಪಲಿ," ಎಂದರು ಅಪ್ಪ.

"ತಪ್ಪು ನಂದೇ ಅಪ್ಪ," ಎಂದಳು ಅಕ್ಕ. ಅವಳ ಕಣ್ಣು ಒದ್ದೆಯಾಗಿತ್ತು.

ಶನಿವಾರ ಅಪ್ಪ ಹೊಸ ಶರ್ಟಿನಲ್ಲಿ ಮುಂದಿನ ಸಾಲಿನಲ್ಲೇ ಕೂತರು. ಅಕ್ಕ ಎಲ್ಲ ಓದಿ ಮುಗಿಸಿದಳು. ಹಿಂದಿನಿಂದ ಒಬ್ಬರು ಎದ್ದು, ಈ ನೆರೆಯ ಗೆರೆಯನ್ನು ನಂಬೋದು ಹೇಗೆ ಎಂದು ಕೇಳಿದರು. ಅಪ್ಪ ಎದ್ದು ನಿಂತರು. ಎದೆಮಟ್ಟದ ಕಥೆ ಶುರುವಾಯಿತು ಎಂದು ನಾನು ತಲೆ ತಗ್ಗಿಸಿದೆ.

"ನಿನ್ನೆ ಬೆಳಿಗ್ಗೆ ತನಕ ಇವಳು ನನ್ನ ಗುರುತನ್ನೇ ಹೊಡೆದು ಹಾಕಿದ್ದಳು ಸ್ವಾಮಿ," ಎಂದರು ಅಪ್ಪ. "ಹೆಗಲ ಮೇಲೆ ಹೊತ್ತು ದಾಟಿಸಿದ ಸ್ವಂತ ಅಪ್ಪನದ್ದು! ನೀವು ಕಣ್ಣು ಮುಚ್ಚಿಕೊಂಡು ಆಸ್ಪತ್ರೆ ಕಟ್ಟಿ."